ರಾಜದ್ವಾರದ ಈಚೆ

ಮೇ 12

ಈಸ್ಟರ್ ಕಳೆದ ಮೇಲಿನ ಭಾನುವಾರ. ಸಮಾಧಿಗಳಿಗೆಲ್ಲ ಪವಿತ್ರ ನೀರು ಚಿಮುಕಿಸುವ ದಿನ. ನನ್ನ ಗಂಡ ಇಲ್ಕೋನ ಕಲ್ಲಿನ ಮುಂದೆ ಹಬ್ಬದ ರೊಟ್ಟಿ, ಬಣ್ಣದ ಮೊಟ್ಟೆ ಇಟ್ಟು ಸಣ್ಣ ಲೋಟದಲ್ಲಿ ವೋಡ್ಕಾ ಸುರಿದೆ. ಬದುಕಿದ್ದಾಗ ಅಷ್ಟು ಸಣ್ಣ ಲೋಟ ಕೊಟ್ಟಿದ್ದರೆ ನನ್ನ ಮುಖಕ್ಕೇ ಎಸೆಯುತ್ತಿದ್ದ. ಗಾಳಿಯೋ ಗಾಳಿ. ಫಾದರ್ ಇಹೋರ್ ಚಿಮುಕಿಸಿದ ನೀರೆಲ್ಲ ಸತ್ತವರನ್ನು ಬಿಟ್ಟು ನಮ್ಮ ಮೇಲೇ ಬಿತ್ತು.

ಪ್ರಾರ್ಥನೆ ಮುಗಿದ ಮೇಲೆ ಫಾದರ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. ಬಿಷಪ್ ತೀರ್ಮಾನ ಮಾಡಿದ್ದಾರಂತೆ. ಆಗಸ್ಟಿನ ದೇವಮಾತೆಯ ಹಬ್ಬವೇ ನಮ್ಮ ಚರ್ಚಿನ ಕೊನೆಯ ಪೂಜೆ. ಆಮೇಲೆ ಪಾದ್ರಿ ಬರುವುದಿಲ್ಲ. ಕಟ್ಟಡವನ್ನು ಏನು ಮಾಡಬೇಕೆಂದು ಸಭೆಯವರು ಹಬ್ಬದ ದಿನ ಹೇಳಬೇಕು. ಸಭೆಯೆಂದರೆ ಇನ್ನಾರು? ನಾನು, ಎದುರುಮನೆಯ ಪನಾಸ್ ಸೌಚಿನ್, ಗಾಲಿಕುರ್ಚಿಯಲ್ಲಿರುವ ನನ್ನ ನಾದಿನಿ ಓರಿಸ್ಯಾ. ಉಳಿದವರೆಲ್ಲ ಬೇಲಿಯೊಳಗೆ ಮಲಗಿದ್ದಾರೆ.

“ಕೇಳೋದೇನಿದೆ ಫಾದರ್? ಸುಡೋದು,” ಎಂದ ಪನಾಸ್. “ನಮ್ಮೋರು ಯಾವತ್ತೂ ಮಾಡ್ಕೊಂಡು ಬಂದಿರೋದೇ ಅದು. ಪೂಜೆ ನಿಂತ ಮೇಲೆ ಹಾಗೇ ಬಿಟ್ರೆ ಏನಾಗುತ್ತೆ ಅಂತ ನೋಡಿಲ್ವಾ? ಪಕ್ಕದೂರಿನ ಚರ್ಚಲ್ಲಿ ಈಗ ಯಾವನೋ ಮೋಟರ್‌ಬೈಕ್ ಬಿಚ್ಚಿ ಹರಡ್ಕೊಂಡಿದಾನೆ.”

“ನಿನಗೆ ಸುಡೋ ಹುಚ್ಚು,” ಎಂದಳು ಓರಿಸ್ಯಾ. “ನಾನು ಮದುವೆಯಾಗಿದ್ದು ಅಲ್ಲಿ. ಅದರ ಪಾಡಿಗೆ ಅದು ಇರ್ಲಿ ಬಿಡು.”

“ಒಂದು ಮಾತು,” ಎಂದು ಪನಾಸ್ ಅವಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಮುಂದುವರಿಸಿದ. “ಮೊದಲು ನನ್ನ ಹೆಣ ಆ ಬಾಗಿಲಿಂದ ಆಚೆ ಬರ್ಬೇಕು. ನಮ್ಮಜ್ಜ ಕಡಿದು ತಂದ ದಿಮ್ಮಿ ಅದು. ಆಮೇಲೆ ಕಡ್ಡಿ ಗೀರಿ.”

“ಹಾಗಾದ್ರೆ ಬೇಗ ಸಾಯ್ಬೇಕಲ್ಲೋ!” ಎಂದೆ.

“ಪ್ರಯತ್ನ ಮಾಡ್ತೀನಿ, ಬಿಡು.”

ಒಬ್ಬ ಸುಡು ಎನ್ನುತ್ತಾನೆ, ಒಬ್ಬಳು ಇರಲಿ ಎನ್ನುತ್ತಾಳೆ. ಉಳಿದವಳು ನಾನು. ಫಾದರ್ ನನ್ನ ಮುಖ ನೋಡಿದರು. ನಾನು ರೊಟ್ಟಿಯ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟತೊಡಗಿದೆ.

ಮೇ 18

ಚರ್ಚ್ ತೊಳೆದದ್ದಾಯಿತು. ಚಳಿಗಾಲದ ಇಲಿಹಿಕ್ಕೆ, ಸತ್ತ ನೊಣ, ಕಿಟಕಿ ಸಂದಿಯಿಂದ ಬಂದ ಮಣ್ಣು. ನನ್ನ ಕೆಲಸ ಸಂತರ ಚಿತ್ರಗಳ ಗೋಡೆಯವರೆಗೆ. ಅದರ ನಡುವಿನ ರಾಜದ್ವಾರದಾಚೆ ಬಲಿಪೀಠವಿದೆ. ಅಲ್ಲಿಗೆ ನಮ್ಮ ಹೆಂಗಸರು ಕಾಲಿಡುವುದಿಲ್ಲ. ನನ್ನ ತಾಯಿ ಇಟ್ಟವಳಲ್ಲ, ನಾನೂ ಇಟ್ಟವಳಲ್ಲ. ದ್ವಾರದ ಮುಂದೆ ಬಕೆಟ್ ಇಟ್ಟು “ಪನಾಸ್!” ಎಂದು ಕೂಗುತ್ತೇನೆ. ಅವನು ಬದಿಯ ಬಾಗಿಲಿನಿಂದ ಆ ಕಡೆಗೆ ಹೋಗಿ ನೆಲ ಒರೆಸುತ್ತಾನೆ. ಒರೆಸುವುದೇನು ಬಂತು, ಧೂಳನ್ನು ಈ ಮೂಲೆಯಿಂದ ಆ ಮೂಲೆಗೆ ವಲಸೆ ಕಳಿಸುತ್ತಾನೆ.

“ಮೂಲೆ ನೋಡೋ, ಮೂಲೆ!” ಎಂದು ಈಚೆಯಿಂದಲೇ ಕೂಗಿದೆ.

“ಕಾಣದೆ ಇರೋ ಮೂಲೆ ಬಗ್ಗೆ ನಿನಗ್ಯಾಕೆ? ಇಲ್ಲಿ ಏನಿದೆ ಅಂತ ನಿನಗೇನು ಗೊತ್ತು?”

“ಧೂಳಿದೆ ಅಂತ ಗೊತ್ತು.”

ಆಮೇಲೆ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದೆವು. ಅವನಿಗೆ ಉಸಿರು ಹತ್ತುತ್ತಿತ್ತು. ವೈದ್ಯರಿಗೆ ತೋರಿಸು ಎಂದರೆ ಟ್ರ್ಯಾಕ್ಟರ್ ಮಾತು ತೆಗೆದ.

ಮೇ 29

ನಮ್ಮೂರಿನ ಮೇಯರ್ ಬೆವರ್ಲಿ ಪತ್ರಿಕೆಯೊಂದನ್ನು ಬೀಸುತ್ತ ಓಡಿಬಂದಳು. ಊರಿಗಿರುವ ಒಂದೇ ಕೆಫೆಯ ಒಡತಿಯೂ ಅವಳೇ. ಬೇರೆ ಯಾರಿಗೂ ಬೇಡವಾದದ್ದಕ್ಕೆ ಎರಡೂ ಅವಳ ತಲೆಗೆ ಬಂದಿವೆ. ಬಯಲುಸೀಮೆಯಲ್ಲಿ ನೋಡಲೇಬೇಕಾದ ಮುದ್ದಾದ ಪುಟ್ಟ ಊರುಗಳಂತೆ. ಅದರಲ್ಲಿ ನಮ್ಮಜ್ಜಂದಿರು ಕಡಲು ದಾಟಿ ಬಂದು ಕಟ್ಟಿದ ಟೆರ್ನಿವ್ಕಾ! ಪುಟದ ತುಂಬ ನಮ್ಮ ಚರ್ಚಿನ ಈರುಳ್ಳಿ ಗುಮ್ಮಟ. ‘ಕಾಲವೇ ನಿಂತುಬಿಟ್ಟಿರುವ ಊರು’ ಎಂದು ಬರೆದಿದ್ದಾರೆ. ಕಾಲವೊಂದು ಬಿಟ್ಟು ಉಳಿದದ್ದೆಲ್ಲ ನಿಂತಿದೆ, ಅದನ್ನು ಬರೆದಿಲ್ಲ. ಶಾಲೆ ಮುಚ್ಚಿತು, ಬ್ಯಾಂಕ್ ಮುಚ್ಚಿತು, ರೈಲು ಹಳಿ ಕಿತ್ತುಕೊಂಡು ಹೋದರು, ಧಾನ್ಯದ ಗೋಪುರ ಕೆಡವಿದರು.

“ಜನ ಬರ್ತಾರೆ ದೋಕಿಯಾ ಆಂಟಿ,” ಎಂದಳು ಬೆವರ್ಲಿ. “ಚರ್ಚ್ ನೋಡಿದೋರು ನನ್ನ ಹತ್ರ ಊಟ ಮಾಡ್ತಾರೆ. ಈ ಸಲ ಕೆಫೆ ಮುಚ್ಚಿದ್ರೆ ಆ ಬೀದೀಲಿ ಬೆಳಿಗ್ಗೆ ದೀಪ ಹಾಕೋರೇ ಇರಲ್ಲ. ಬೀಗದ ಕೈ ನಿಮ್ಮ ಹತ್ರ ತಾನೇ ಇರೋದು?”

ತೆಗೆದು ತೋರಿಸಲು ನಾನೇನು ಕೂಲಿಯವಳೇ ಎಂದು ಬೈದು ಕಳಿಸಿದೆ.

ಜೂನ್ 8

ಬಂದರು. ಗಂಡ ಹೆಂಡತಿ, ಒಂದು ನಾಯಿ. ಬೈದುಕೊಂಡೇ ಬಾಗಿಲು ತೆರೆದೆ. ನಾಯಿಯನ್ನು ಹೊರಗೆ ಕಟ್ಟಿಸಿದೆ. ಆ ಜನ ಮೊದಲು ಕೇಳಿದ್ದು ಶೌಚಾಲಯ ಎಲ್ಲಿ ಅಂತ. ಬೆವರ್ಲಿ ಕೆಫೆಗೆ ಅಟ್ಟಿದೆ.

ಹೆಂಗಸು ಮಾತ್ರ ಹೋಗುವಾಗ ನನ್ನ ಕೈ ಹಿಡಿದು, “ಎಂಥ ಚೆಂದ! ಇದನ್ನೆಲ್ಲ ನೀವೊಬ್ರೇ ನೋಡ್ಕೋತೀರಾ?” ಎಂದಳು. ಹಾಗೆ ನನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಯಿತೋ.

ಜೂನ್ 30

ಕೈಗೆ ಬಿಡುವಿಲ್ಲ. ನಿನ್ನೆ ಒಂದು ವ್ಯಾನು, ಇವತ್ತು ಎರಡು ಕಾರು. ಪೆಟ್ಟಿಗೆಯಿಂದ ನನ್ನ ಕಸೂತಿ ಅಂಗಿ ತೆಗೆದೆ. ತೋಳು ಸ್ವಲ್ಪ ಬಿಗಿ, ಆದರೂ ಬಣ್ಣ ಹೋಗಿಲ್ಲ. ಜೇನು ಕೇಕ್ ಮಾಡಿ ತುಂಡು ತುಂಡು ಕತ್ತರಿಸಿಟ್ಟರೆ ಕ್ಷಣದಲ್ಲಿ ಖಾಲಿ. ಓರಿಸ್ಯಾ ಗಾಲಿಕುರ್ಚಿಯಲ್ಲಿ ಬಾಗಿಲ ಹತ್ತಿರ ಕೂತು ತನ್ನ ಮದುವೆಯ ಕಥೆ ಹೇಳುತ್ತಾಳೆ. ಪ್ರತಿ ಸಲವೂ ಒಬ್ಬೊಬ್ಬ ಹೊಸ ನೆಂಟ ಹುಟ್ಟಿಕೊಳ್ಳುತ್ತಾನೆ.

ನಾನೂ ಕಡಿಮೆಯಿಲ್ಲ. ಮಾತೆಯ ಚಿತ್ರದ ಕೆನ್ನೆಯ ಮೇಲೆ ಸೂರು ಸೋರಿದ ಕಲೆಯಿದೆಯಲ್ಲ, ಅದು ಬರಗಾಲದ ವರ್ಷ ಮಾತೆ ಅತ್ತ ಗುರುತು ಎಂದುಬಿಟ್ಟೆ. ಒಬ್ಬಾಕೆಗೆ ಕಣ್ಣೀರೇ ಬಂತು. ಒಂದು ಮಾತು ಸೇರಿಸಿದರೆ ಯಾರ ಗಂಟು ಹೋಗುತ್ತದೆ? ಅತಿಥಿಗಳು ದೂರದಿಂದ ಬಂದಿರುತ್ತಾರೆ.

ಜುಲೈ 13

ಪನಾಸ್ ಜೊತೆ ಜಗಳ.

ಅತಿಥಿಗಳ ಮಕ್ಕಳು ಗಂಟೆಯ ಹಗ್ಗ ನೋಡಿ ಒಂದೇ ಸಲ, ಒಂದೇ ಸಲ ಎಂದು ಗೋಗರೆದವು. ಎಳೆಯಲಿ ಪಾಪ ಎಂದು ಬಿಟ್ಟೆ. ನಾಲ್ಕಾರು ಬಾರಿ ಹೊಡೆದವು. ಹೊರಗೆ ನೋಡಿದರೆ ಪನಾಸ್ ತನ್ನ ಅಂಗಳದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಾನೆ. ಪೂಜೆಯಿಲ್ಲದ ದಿನ ಗಂಟೆ ಹೊಡೆದರೆ ಊರಲ್ಲಿ ಯಾರೋ ಹೋದರೆಂದು ಅರ್ಥ. ಪಕ್ಕದ ಮನೆಯವರೂ ಹೊರಗೆ ಬಂದಿದ್ದರು.

“ಯಾರು ಹೋದ್ರು?” ಎಂದು ಕೂಗಿದ.

“ಯಾರೂ ಇಲ್ಲ, ಮಕ್ಕಳು!”

ಟೋಪಿ ಹಾಕಿಕೊಂಡು ರಸ್ತೆ ದಾಟಿ ಬಂದ. ಮುಖ ಕೆಂಪಾಗಿತ್ತು. “ನಿನ್ನ ಗಂಡ ಹೋದಾಗ ಈ ಹಗ್ಗ ಎಳೆದಿದ್ದು ನಾನು. ಇದೇನು ಆಟದ ಸಾಮಾನಾ?”

“ಸುಡ್ತೀನಿ ಅನ್ನೋನಿಗೆ ಗಂಟೆ ಮೇಲೆ ಯಾಕೋ ಅಷ್ಟು ಪ್ರೀತಿ?”

“ಅದಕ್ಕೇ ಸುಡು ಅಂತಿರೋದು, ದೋಕಿಯಾ. ಅದಕ್ಕೇ.”

ಅತಿಥಿಗಳ ಎದುರಿಗೇ ಹಾಗೆ ಮಾತಾಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಮುದುಕರಿಗೆ ಬೇರೆಯವರ ಸಂತೋಷ ಕಂಡರಾಗದು.

ಜುಲೈ 27

ಉರಿಬಿಸಿಲು. ಎರಡು ಬಸ್ಸು, ಬಂದವರೆಲ್ಲ ಗಂಟೆ ಎಳೆಯುವವರೇ. ಸಾವಿನ ಮೆರವಣಿಗೆಯ ಕಪ್ಪು ಬಾವುಟಗಳನ್ನು ಸುತ್ತಿ ಶೆಡ್ಡಿಗೆ ಹಾಕಿದೆ, ನೋಡಿದವರಿಗೆ ಮನಸ್ಸು ಮಂಕಾಗುತ್ತದೆ ಎಂದು ಬೆವರ್ಲಿ ಹೇಳಿದ್ದಳು. ಕೇಕ್ ಇಡಲು ಜಾಗವಿರಲಿಲ್ಲ. ಶವಪೆಟ್ಟಿಗೆ ಇಡುವ ಉದ್ದನೆ ಮೇಜು ಮೂಲೆಯಲ್ಲಿ ಸುಮ್ಮನೆ ಬಿದ್ದಿತ್ತು. ಎಳೆದು ತಂದು ಕಸೂತಿ ಬಟ್ಟೆ ಹಾಸಿದೆ. ಹೇಳಿ ಮಾಡಿಸಿದ ಹಾಗಿದೆ. ಎತ್ತರವೂ ಸರಿಯಾಗಿದೆ, ನಾನು ಬಗ್ಗಬೇಕಿಲ್ಲ.

ಆಗಸ್ಟ್ 10

ಮದುವೆಯಾಗಲಿರುವ ಜೋಡಿಯೊಂದು ಫೋಟೋದವನನ್ನು ಕರೆದುಕೊಂಡು ಬಂದಿತ್ತು. ಹುಡುಗಿ ಬೊಂಬೆಯಂತಿದ್ದಳು. ರಾಜದ್ವಾರದ ಮುಂದೆ ನಿಲ್ಲಿಸಿದರು. ಆದರೆ ಹಿಂದೆ ಪರದೆ ಮುಚ್ಚಿದ್ದರಿಂದ ಬೆಳಕು ಬರುತ್ತಿರಲಿಲ್ಲ. ಪರದೆ ಸರಿಸಬಹುದೇ ಎಂದು ಫೋಟೋದವನು ಕೇಳಿದ. ಅದರ ಬಳೆ ಯಾವಾಗಲೂ ಸಿಕ್ಕಿಕೊಳ್ಳುತ್ತದೆ. ಹೋಗಿ ಬಿಡಿಸಿ ಸರಿಸಿದೆ. ಪೂರ್ವದ ಕಿಟಕಿಯಿಂದ ಬಿಸಿಲು ಬಂದು ಹುಡುಗಿಯ ತಲೆಗೂದಲೆಲ್ಲ ಹೊಳೆಯಿತು. ಬಲಿಪೀಠದ ಬಟ್ಟೆ ಓರೆಯಾಗಿತ್ತು, ಅದನ್ನೂ ನೇರ ಮಾಡಿದೆ. ನಾನು ಹೇಳಿದ್ದು ಸುಳ್ಳಲ್ಲ, ಮೂಲೆಯಲ್ಲಿ ಬೊಗಸೆ ತುಂಬ ಧೂಳು!

ತಿರುಗಿದರೆ ಪನಾಸ್ ಹೊರಬಾಗಿಲಲ್ಲಿ ನಿಂತಿದ್ದ. ಹಬ್ಬಕ್ಕೆ ಮೊದಲು ನೆಲ ಒರೆಸಲೆಂದು ಬಕೆಟ್ ಹಿಡಿದು ಬಂದಿದ್ದ. ನನ್ನನ್ನೇ ನೋಡಿದ. ಬಕೆಟ್ ಕೆಳಗಿಟ್ಟ, ಹೋದ. ಇನ್ನೂ ಗಂಟೆಯ ಸಿಟ್ಟೇ ಇರಬೇಕು. ಎಷ್ಟು ದಿನ ಮುಖ ಊದಿಸಿಕೊಂಡಿರುತ್ತಾನೋ ನೋಡೋಣ.

ಆಗಸ್ಟ್ 28

ಮಾತೆಯ ಹಬ್ಬ. ಕೊನೆಯ ಪೂಜೆ. ಹೊರಗಿನ ಜನ ತುಂಬಿದ್ದರು, ಕಿಟಕಿಯ ಮೇಲೂ ಕ್ಯಾಮೆರಾ. ಫಾದರ್ ಹಾಡಿದರೆ ಉತ್ತರ ಹಾಡಬೇಕಾದವನು ಪನಾಸ್. ಅವನೇ ಬರಲಿಲ್ಲ. ನಾನೂ ಓರಿಸ್ಯಾಳೂ ಗೊಗ್ಗರು ದನಿಯಲ್ಲಿ ಹೇಗೋ ಹಾಡಿದೆವು.

ಪೂಜೆಯಾದ ಮೇಲೆ ಫಾದರ್ ಕೇಳಿದರು. ಓರಿಸ್ಯಾ ಇರಲಿ ಎಂದಳು. ನಾನೂ ಇರಲಿ ಎಂದೆ. ಬೆವರ್ಲಿ ನನ್ನನ್ನು ತಬ್ಬಿಕೊಂಡು ಅತ್ತಳು. “ಪನಾಸ್ ಏನನ್ನುತ್ತಾನೆ?” ಎಂದರು ಫಾದರ್. ಬರದವನ ಮಾತೇನು ಎಂದೆ.

ಸಂಜೆ ಅವನಿಗೆ ಹಬ್ಬದ ರೊಟ್ಟಿ ಕೊಂಡೊಯ್ದೆ. ಬಾಗಿಲು ತೆರೆಯಲಿಲ್ಲ. ಒಳಗೆ ರೇಡಿಯೊ ಕೇಳಿಸುತ್ತಿತ್ತು. ರೊಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಬಂದೆ. ಈ ಸಲ ಅದು ಸರಿಯಾಗಿ ಉಬ್ಬಿರಲಿಲ್ಲ.

ಸೆಪ್ಟೆಂಬರ್ 15

ಗೋಧಿ ಕೊಯ್ಲು. ದಾರಿಯುದ್ದಕ್ಕೂ ಧೂಳು. ಪನಾಸನನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಿದ್ದಾರೆ, ಹೃದಯ. ಬೆವರ್ಲಿಯ ಕಾರಿನಲ್ಲಿ ಹೋದೆ. ಎಲೆಕೋಸಿನ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿ ಒಯ್ದಿದ್ದೆ. ಅದೆಂದರೆ ಪ್ರಾಣ ಬಿಡುತ್ತಿದ್ದ.

“ಗೋಧಿ ಹೇಗಿದೆ?” ಎಂದ.

“ಚೆನ್ನಾಗಿದೆ. ಈ ವರ್ಷ ಮಳೆ ಸಮಯಕ್ಕೆ ಬಂತಲ್ಲ.”

“ಹೌದು. ಸಮಯಕ್ಕೆ ಬಂತು.”

ಅಷ್ಟೇ. ಎಷ್ಟು ಕೆಣಕಿದರೂ ಅಷ್ಟೇ. ಮೂಲೆಯ ಧೂಳಿನ ಮಾತು ತೆಗೆದೆ, ಬೈದರೂ ಬೈಯಲಿ ಎಂದು. ಕಿಟಕಿಯ ಕಡೆ ಮುಖ ಮಾಡಿದ. ಬೆಳೆದ ಗಂಡಸು ಹೀಗೂ ಹಠ ಮಾಡುವುದುಂಟೇ! ಕಾರಿನಲ್ಲಿ ಬರುವಾಗ ಸುಮ್ಮಸುಮ್ಮನೆ ಅಳು ಬಂತು. ಧೂಳು ಎಂದೆ ಬೆವರ್ಲಿಗೆ.

ಸೆಪ್ಟೆಂಬರ್ 26

ಪನಾಸ್ ಹೋದ.

ಬೆಳಿಗ್ಗೆ ಅವನ ಮಗಳು ಸ್ಲಾವ್ಕಾ ಫೋನ್ ಮಾಡಿದಳು. ಮನೆಯೊಳಗಿನ ಚಪ್ಪಲಿಯಲ್ಲೇ ಚರ್ಚಿಗೆ ಓಡಿದೆ. ಗಂಟೆಯ ಹಗ್ಗ ಹಿಡಿದು ತೋಳು ಸೋಲುವವರೆಗೆ ಎಳೆದೆ. ಎಳೆದು ಮೆಟ್ಟಿಲಿಗೆ ಬಂದು ನೋಡಿದೆ. ಬೀದಿಯಲ್ಲಿ ಯಾರೂ ಇಲ್ಲ. ಪಕ್ಕದ ಮನೆಯವನು ಗ್ಯಾರೇಜಿನಿಂದ ತಲೆಯನ್ನೂ ಎತ್ತಲಿಲ್ಲ. ಮತ್ತೆ ಹೋಗಿ ಎಳೆದೆ. ಬೆವರ್ಲಿ ಕೆಫೆಯ ಬಾಗಿಲಲ್ಲಿ ಕಾಣಿಸಿಕೊಂಡು ಕೈಬೀಸಿದಳು.

“ಇಷ್ಟು ಬೇಗ ಬಸ್ ಬಂತಾ ಆಂಟಿ? ಇನ್ನೂ ಒಲೆ ಹಚ್ಚಿಲ್ಲ ನಾನು!”

ಟೋಪಿ ತೆಗೆದು ನಿಲ್ಲುತ್ತಿದ್ದವನು ಅವನೊಬ್ಬನೇ. ಅವನೇ ಹೋಗಿದ್ದ.

ಸೆಪ್ಟೆಂಬರ್ 27

ಸ್ಲಾವ್ಕಾ ಬಂದಿದ್ದಳು. ಅಪ್ಪನನ್ನು ಸಮುದಾಯ ಭವನದಿಂದ ಎತ್ತುವುದಂತೆ. ಭವನ! ಗೋಡೆಯ ಮೇಲೆ ಬಿಂಗೋ ಆಟದ ಹಲಗೆ, ಹಿಂದೆ ಬಿಯರ್ ಪೆಟ್ಟಿಗೆ ಇಡುವ ಕೋಣೆ. ನನ್ನ ಮೈಯೆಲ್ಲ ಉರಿದುಹೋಯಿತು.

“ನಿನಗೇನು ತಲೆ ಕೆಟ್ಟಿದೆಯಾ? ತನ್ನ ಹೆಣ ಚರ್ಚಿಂದಲೇ ಆಚೆ ಬರ್ಬೇಕು ಅಂತ ನಿಮ್ಮಪ್ಪ ನನ್ನೆದುರಿಗೇ ಹೇಳಿದಾನೆ! ಪೂಜೆ ನಿಂತ್ರೇನು, ಹೆಣ ಎತ್ತೋಕೆ ಫಾದರ್ ಬರಲ್ಲ ಅಂತಾರಾ?”

“ಬರ್ತೀನಿ ಅಂದ್ರು ಅತ್ತೆ. ಬೇಡ ಅಂದಿದ್ದು ಅಪ್ಪಾನೇ. ಆಸ್ಪತ್ರೇಲಿ ನನ್ನ ಕೈಲಿ ಮಾತು ತಗೊಂಡ್ರು.”

“ಏನಂತ?”

ಅವಳು ನೆಲ ನೋಡಿದಳು. “ಅಲ್ಲೀಗ ಒಳಗೂ ಹೊರಗೂ ಒಂದೇ ಆಗೋಗಿದೆ ಅಂದ್ರು. ಇನ್ನೇನೂ ಹೇಳ್ಲಿಲ್ಲ. ನೀವು ಬೇಜಾರ್ ಮಾಡ್ಕೋಬೇಡಿ ಅತ್ತೆ, ಔಷಧಿ ಅಮಲಲ್ಲಿದ್ರು.”

ಶವಪೆಟ್ಟಿಗೆಯ ಮೇಜು ಬೇಕಾಗಿತ್ತು ಅವಳಿಗೆ. ಊರಲ್ಲಿ ಇರುವುದು ಅದೊಂದೇ. ಚರ್ಚಿಗೆ ಹೋದೆವು. ಮೇಜಿನ ಮೇಲೆ ಮೊನ್ನೆಯ ಕೇಕಿನ ತಟ್ಟೆಗಳು, ಕಾಗದದ ಲೋಟಗಳು, ಚಿಲ್ಲರೆ ಹಾಕುವ ಬುಟ್ಟಿ. ಸ್ಲಾವ್ಕಾ ತಟ್ಟೆಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗೆ ಕೊಟ್ಟಳು. ಬಟ್ಟೆ ಎತ್ತಿದರೆ ಅಡಿಯಲ್ಲಿ ಜೇನು ಇಳಿದು ಮರಕ್ಕೆ ಅಂಟಿತ್ತು, ಅದರಲ್ಲಿ ಇರುವೆ. ಬಿಸಿನೀರು ತಂದು ಉಜ್ಜಿದೆ. ಚಾಕುವಿನಿಂದ ಕೆರೆದೆ. ಕಲೆ ಹೋಗಲಿಲ್ಲ.

“ಬಿಡಿ ಅತ್ತೆ, ಮೇಲೆ ಬಟ್ಟೆ ಹಾಕ್ತೀವಲ್ಲ,” ಎಂದಳು ಅವಳು.

ಸೆಪ್ಟೆಂಬರ್ 29

ಮಣ್ಣು ಮಾಡಿ ಬಂದೆವು. ಇಲ್ಕೋನ ಆಚೆಗಿನ ಸಾಲಿನಲ್ಲಿ ಜಾಗ. ಬೇಯಿಸಿದ ಗೋಧಿಗೆ ಜೇನು ಬೆರೆಸಿ ಸಾವಿನ ಪ್ರಸಾದ ಮಾಡಬೇಕಿತ್ತು. ಜೇನಿನ ಡಬ್ಬಿ ತೆರೆದೆ, ಹಾಗೇ ಮುಚ್ಚಿಟ್ಟೆ. ಓರಿಸ್ಯಾಳಿಂದ ಮಾಡಿಸಿದೆ.

ಭವನದಲ್ಲಿ ಪೆಟ್ಟಿಗೆಯ ಹತ್ತಿರ ಕೂತು ಪ್ರಾರ್ಥನೆಯುದ್ದಕ್ಕೂ ನಾನು ಮೇಜಿನ ಕಲೆ ಮುಚ್ಚಿದ್ದ ಬಟ್ಟೆಯ ಮೂಲೆಯನ್ನೇ ನೋಡುತ್ತಿದ್ದೆ. ಹೆಣ ಹೊರಗೆ ತಂದಾಗ ಬಸ್ಸೊಂದು ಚರ್ಚಿನ ಮುಂದೆ ನಿಂತಿತ್ತು. ಕೆಲವರು ಇಳಿದು ಬಂದು ದೂರದಿಂದ ಫೋಟೋ ತೆಗೆದರು. ಒಬ್ಬಾಕೆ ನನ್ನ ಅಂಗಿ ಮುಟ್ಟಿ, “ಇದು ಪ್ರತಿ ಭಾನುವಾರ ಇರುತ್ತಾ?” ಎಂದು ಕೇಳಿದಳು. ನಾನು ಕಸೂತಿ ಅಂಗಿಯಲ್ಲೇ ಬಂದಿದ್ದೆ. ಬೇರೆ ಹಾಕಿಕೊಳ್ಳಬೇಕೆಂದು ಹೊಳೆದೇ ಇರಲಿಲ್ಲ.

ಅಕ್ಟೋಬರ್ 6

ಇಬ್ಬರು ಬಂದಿದ್ದರು. ಬೀಗದ ಕೈ ಕಳೆದುಹೋಗಿದೆ ಎಂದೆ. ಅದು ಏಪ್ರನ್ ಜೇಬಿನಲ್ಲೇ ಇತ್ತು.

ಅಕ್ಟೋಬರ್ 9

ಮಂಡಿನೋವು. ಎಲ್ಲೂ ಹೋಗಲಿಲ್ಲ.

ಅಕ್ಟೋಬರ್ 12

ಮೇಜು ವಾಪಸು ಬಂದಿತ್ತು. ಅದನ್ನು ಮೂಲೆಗೆ ಸೇರಿಸಿ, ಕಪ್ಪು ಬಾವುಟಗಳನ್ನು ಶೆಡ್ಡಿನಿಂದ ತಂದು ಅವುಗಳ ಜಾಗದಲ್ಲಿ ನಿಲ್ಲಿಸಿದೆ. ಒಂದನ್ನು ಇಲಿ ಕಡಿದಿದೆ. ನೆಲ ಒರೆಸುತ್ತ ಒರೆಸುತ್ತ ರಾಜದ್ವಾರದವರೆಗೆ ಬಂದೆ. ಪರದೆ ಆವತ್ತು ನಾನು ಸರಿಸಿದ ಹಾಗೇ ಇತ್ತು. ಹಬ್ಬದ ದಿನ ಫಾದರಿಗೂ ಮುಚ್ಚಲು ಬಂದಿರಲಿಲ್ಲ, ಬಳೆ ಸಿಕ್ಕಿಕೊಂಡಿತ್ತು. ಬಲಿಪೀಠ ಬೀದಿಗೆ ಕಾಣುತ್ತಿತ್ತು. ಮುಚ್ಚಬೇಕಿತ್ತು. ಬಕೆಟ್ ಕೆಳಗಿಟ್ಟು “ಪನಾಸ್!” ಎಂದು ಕೂಗಿದೆ.

ಕೂಗಿಯೇಬಿಟ್ಟೆ.

ಎಷ್ಟು ಹೊತ್ತು ಅಲ್ಲಿ ನಿಂತಿದ್ದೆನೋ ತಿಳಿಯದು. ಪರದೆ ಕೈಗೆಟುಕುವಷ್ಟು ಹತ್ತಿರವೇ ಇತ್ತು. ಆವತ್ತು ಹೋದದ್ದು ಎಷ್ಟು ಸಲೀಸಾಗಿತ್ತು! ದೇವರೇ, ನನ್ನ ಕಾಲಿಗೆ ಗೊತ್ತೇ ಆಗಲಿಲ್ಲ. ಇವತ್ತು ಒಂದು ಹೆಜ್ಜೆಯೂ ಏಳಲಿಲ್ಲ. ಮೂಲೆಯ ಧೂಳು ಈಚೆಯಿಂದ ಕಾಣುವುದಿಲ್ಲ. ಅದಿರುವುದು ಮಾತ್ರ ನನಗೆ ಗೊತ್ತಿದೆ. ಬಕೆಟ್ ಅಲ್ಲೇ ಬಿಟ್ಟು ಬಂದು ಫಾದರ್ ಇಹೋರಿಗೆ ಫೋನ್ ಮಾಡಿದೆ.

ಅಕ್ಟೋಬರ್ 20

ಸುಡೋಣ ಎಂದದ್ದಕ್ಕೆ ಓರಿಸ್ಯಾ ಮೊದಲು ಅತ್ತಳು, ಆಮೇಲೆ ಬೈದಳು. “ಅತ್ತಿಗೆ, ನಿನ್ನ ನಾಲಿಗೆ ಎರಡಾ? ಹಬ್ಬದ ದಿನ ಒಂದು, ಇವತ್ತೊಂದು?”

“ಒಂದೇ. ಹಬ್ಬದ ದಿನ ಅದು ಕೇಕ್ ಮಾರ್ತಿತ್ತು.”

ಅವಳು ಕಣ್ಣೊರೆಸಿಕೊಂಡಳು. ನನ್ನ ಮದುವೆಯ ಕಿರೀಟಗಳನ್ನು ಸುಡಬೇಡಿ, ಅಷ್ಟು ಸಾಕು ಎಂದಳು. ವಧೂವರರ ತಲೆಯ ಮೇಲೆ ಹಿಡಿಯುವ ಆ ತಗಡಿನ ಕಿರೀಟಗಳನ್ನು ಅವಳ ಮಡಿಲಲ್ಲಿಟ್ಟೆ.

ಬೆವರ್ಲಿಗೆ ಹೇಳುವುದು ಕಷ್ಟವಾಯಿತು. ಅವಳು ಕೂಗಾಡಲಿಲ್ಲ, ಅದೇ ಕಷ್ಟ.

“ನಾನು ಹೀಟರ್ ಹಾಕಿಸಿದೀನಿ ಆಂಟಿ, ಚಳಿಗಾಲದಲ್ಲೂ ಜನ ಬರ್ತಾರೆ ಅಂತ. ಸತ್ತೋರಿಗೋಸ್ಕರ ಬದುಕಿರೋರ ಹೊಟ್ಟೆ ಮೇಲೆ ಹೊಡೀತೀರಲ್ಲ. ಇದು ನ್ಯಾಯಾನಾ, ನೀವೇ ಹೇಳಿ.”

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಚಹಾ ತಣ್ಣಗಾಯಿತು. ಪ್ರತಿ ಸಲವೂ ಬಾಗಿಲವರೆಗೆ ಬರುತ್ತಿದ್ದವಳು ಇವತ್ತು ಬರಲಿಲ್ಲ.

ನವೆಂಬರ್ 16

ನೆಲದ ಮೇಲೆ ಹಿಮ ಬಿದ್ದಿತ್ತು, ಗಾಳಿ ಇರಲಿಲ್ಲ. ಇಂಥ ದಿನಕ್ಕೇ ಕಾದಿದ್ದೆವು. ಬೆಳಿಗ್ಗೆ ಫಾದರ್ ಬಲಿಪೀಠದ ಪವಿತ್ರ ವಸ್ತ್ರವನ್ನು ಎದೆಗೊತ್ತಿಕೊಂಡು ರಾಜದ್ವಾರದಿಂದ ಹೊರಗೆ ತಂದರು. ಚಿತ್ರಗಳನ್ನು, ಗಂಟೆಯನ್ನು ಪಟ್ಟಣದ ದೊಡ್ಡ ಚರ್ಚಿಗೆ ಒಯ್ದರು. ಮಾತೆಯ ಕೆನ್ನೆಯ ಕಲೆ ನೋಡಿ ಫಾದರ್ ಏನಿದು ಎಂದರು. ಸೂರು ಸೋರಿದ್ದು ಎಂದೆ. ಶವಪೆಟ್ಟಿಗೆಯ ಮೇಜನ್ನು ಹೊರಗೆ ತರಲೇ ಎಂದು ಸ್ಲಾವ್ಕಾ ಕೇಳಿದಳು. ಬೇಡ, ಒಳಗೇ ಇರಲಿ ಎಂದೆ.

ಒಣಹುಲ್ಲು ಹಾಕಿದರು. ಅಗ್ನಿಶಾಮಕದವನೆಂದರೆ ಬೆವರ್ಲಿಯ ಗಂಡ ಡ್ವೇನ್. ಕಿಟಕಿಯಿಂದ ಹಚ್ಚುತ್ತೇವೆ, ಎಲ್ಲರೂ ಹಿಂದೆ ಸರಿಯಿರಿ ಎಂದ. ಆಗ ನಾನು ಮೆಟ್ಟಿಲು ಹತ್ತಿ ಬಾಗಿಲು ಎಳೆದು ಬೀಗ ಹಾಕಿದೆ. ಎರಡು ಸಲ ಜಗ್ಗಿ ನೋಡಿದೆ.

“ಆಂಟಿ,” ಎಂದ ಡ್ವೇನ್ ಮೆಲ್ಲಗೆ, “ಇನ್ನೇನು ಸುಡೋದೇ ಅಲ್ವಾ? ಬೀಗ ಯಾಕೆ?”

“ಇನ್ನು ಯಾರೂ ಒಳಗೆ ಹೋಗೋದು ಬೇಡ,” ಎಂದೆ.

ಗುಮ್ಮಟ ಕಡೆಗೆ ಬಿತ್ತು. ಪನಾಸನ ಅಜ್ಜನ ದಿಮ್ಮಿಗಳು ಬೇಗ ಹೊತ್ತಿಕೊಳ್ಳಲಿಲ್ಲ, ಹೊತ್ತಿದ ಮೇಲೆ ನಿಲ್ಲಲೂ ಇಲ್ಲ. ಊರಿನವರು ಒಬ್ಬೊಬ್ಬರಾಗಿ ಬಂದು ನಿಂತರು. ಯಾರೂ ಫೋಟೋ ತೆಗೆಯಲಿಲ್ಲ. ಕೊನೆಗೆ ಬೆವರ್ಲಿಯೂ ಬಂದಳು, ನನ್ನ ಪಕ್ಕದಲ್ಲಲ್ಲ, ರಸ್ತೆಯಾಚೆ. ಪಕ್ಕದ ಮನೆಯ ಆ ಗ್ಯಾರೇಜಿನವನು ಟೋಪಿ ತೆಗೆದಿದ್ದ. ಅಷ್ಟು ಚಳಿಯಲ್ಲೂ ಉದ್ದಕ್ಕೂ ತೆಗೆದೇ ಇದ್ದ. ಪನಾಸನ ಹೆಣ ಮಾತ್ರ ಆ ಬಾಗಿಲಿಂದ ಬರಲಿಲ್ಲ. ಅವನು ಮೊದಲು ಕೇಳಿದ್ದು ಅದೊಂದೇ.

ಏಪ್ರಿಲ್ 27

ಮತ್ತೆ ಸಮಾಧಿಗಳ ದಿನ. ನಾನು, ಓರಿಸ್ಯಾ, ಸ್ಲಾವ್ಕಾ. ಇಲ್ಕೋನಿಗೆ ಒಂದು ಲೋಟ, ಪನಾಸನಿಗೆ ಒಂದು. ಕೆಫೆಗೆ ಬೀಗ ಬಿದ್ದಿದೆ. ಬೆವರ್ಲಿ ಪಟ್ಟಣದ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಕಂಡಾಗ ಮಾತಾಡುತ್ತಾಳೆ, ಮೊದಲಿನ ಹಾಗಲ್ಲ. ಬೆಳಿಗ್ಗೆ ಆ ಬೀದಿಯಲ್ಲಿ ದೀಪವಿಲ್ಲ.

ಎಲ್ಲರೂ ಹೋದ ಮೇಲೆ ಕಾರೊಂದು ಬಂತು. ಎಳೆಯ ಹೆಂಗಸು, ಕೈಯಲ್ಲಿ ಅದೇ ಹಳೆಯ ಪತ್ರಿಕೆಯ ಪುಟ.

“ಅಜ್ಜಿ, ಇಲ್ಲೊಂದು ಚರ್ಚ್ ಇರ್ಬೇಕಲ್ವಾ?”

“ಸುಟ್ವಿ.”

“ಅಯ್ಯೋ! ಯಾರೋ ಕಿಡಿಗೇಡಿಗಳಾ?”

“ಅಲ್ಲಮ್ಮ. ನಾವೇ.”

ಅವಳಿಗೆ ಅರ್ಥವಾಗಲಿಲ್ಲ. ಪುಟವನ್ನೂ ಬಯಲನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಸುಟ್ಟ ಜಾಗದಲ್ಲಿ ಆಗಲೇ ಹುಲ್ಲು ಚಿಗುರಿದೆ. ಬಲಿಪೀಠವಿದ್ದಲ್ಲಿ ಬೂದಿ ಹೂತು ಒಂದು ಮರದ ಶಿಲುಬೆ ನಿಲ್ಲಿಸಿದ್ದೇವೆ, ಇನ್ನೂ ಬೇಲಿ ಹಾಕಿಲ್ಲ. ಆಕಾಶ ಚೆನ್ನಾಗಿದೆ, ಒಂದು ಫೋಟೋ ತೆಗೆದುಕೊಳ್ಳುತ್ತೇನೆ ಎಂದು ಶಿಲುಬೆಯತ್ತ ಹೊರಟಳು.

“ಅಲ್ಲಿ ಕಾಲಿಡ್ಬೇಡ!”

ನನ್ನ ದನಿಗೆ ಹೆದರಿ ಹಾಗೇ ನಿಂತಳು. “ಯಾಕಜ್ಜಿ? ಬರೀ ಹುಲ್ಲಲ್ವಾ? ಏನಿದೆ ಅಲ್ಲಿ?”

“ಏನೂ ಇಲ್ಲ,” ಎಂದೆ. “ನಾನೊಬ್ಳು ಇಟ್ಟಿದ್ದು ಸಾಕು.”